ಹಲ್ಲಿನ ಚಿಕಿತ್ಸೆ: ಸರ್ಕಾರಿ ಆಸ್ಪತ್ರೆಯೋ, ಖಾಸಗಿಯೋ? ಖರ್ಚಿನ ಲೆಕ್ಕ ಹಾಕುವ ಬಗೆ

ಹಲ್ಲು ನೋವು ಬಂದಾಗ ನಮ್ಮ ಜನ ಮೊದಲು ಲವಂಗ ಇಡುತ್ತಾರೆ, ಆಮೇಲೆ ನೋವಿನ ಮಾತ್ರೆ ನುಂಗುತ್ತಾರೆ. ಅದಕ್ಕೂ ತಡೆಯದಿದ್ದಾಗ "ಕೀಳಿಸಿಬಿಡೋಣ, ಖರ್ಚು ಕಡಿಮೆ" ಎನ್ನುತ್ತಾರೆ. ಎಲ್ಲಿ ತೋರಿಸಿದರೆ ಎಷ್ಟು ಖರ್ಚಾಗುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಉಳಿಸಬಹುದಾದ ಹಲ್ಲನ್ನು ಕಳೆದುಕೊಳ್ಳಬೇಕಾಗಿಲ್ಲ, ಸಾಲ ಮಾಡಬೇಕಾಗಿಯೂ ಇಲ್ಲ. ರೋಗಿಗಳಿಗೂ ಜೊತೆಗೆ ಬರುವ ಬಂಧುಗಳಿಗೂ ಉಪಯೋಗವಾಗಲೆಂದು ಈ ಮಾಹಿತಿ ನೀಡಲಾಗಿದೆ.

ಖರ್ಚು ಹೆಚ್ಚುವುದು ಹೇಗೆ?

ಹುಳುಕು ಹಲ್ಲಿನ ಮೇಲ್ಭಾಗದಲ್ಲಿ ಮಾತ್ರ ಇದ್ದಾಗ ಅದನ್ನು ಕೆರೆದು ಸಿಮೆಂಟ್ ತುಂಬಿದರೆ ಸಾಕು. ಒಂದೇ ಭೇಟಿಯಲ್ಲಿ ಮುಗಿಯುತ್ತದೆ, ಖರ್ಚೂ ಕಡಿಮೆ. ಹುಳುಕು ಹಲ್ಲಿನೊಳಗಿನ ನರಕ್ಕೆ ತಲುಪಿದರೆ ಬೇರುನಾಳದ ಚಿಕಿತ್ಸೆ, ಅಂದರೆ ರೂಟ್ ಕೆನಾಲ್, ಬೇಕಾಗುತ್ತದೆ. ದವಡೆ ಹಲ್ಲಾದರೆ ಸಾಮಾನ್ಯವಾಗಿ ಅದರ ಮೇಲೆ ಕ್ಯಾಪ್ ಕೂಡ ಹಾಕಿಸಬೇಕು. ಆ ಹಂತವೂ ಮೀರಿದರೆ ಹಲ್ಲು ಕೀಳಬೇಕು, ಖಾಲಿ ಜಾಗಕ್ಕೆ ಬೇರೆ ಹಲ್ಲು ಕಟ್ಟಿಸಬೇಕು. ತಡ ಮಾಡಿದಷ್ಟೂ ಖರ್ಚು ಏರುತ್ತದೆ. ನೋವಿಲ್ಲದಿರುವಾಗ ತೋರಿಸುವುದೇ ಅಗ್ಗದ ಚಿಕಿತ್ಸೆ.

ಎಲ್ಲಿ ಏನು ಸಿಗುತ್ತದೆ?

1. ಸರ್ಕಾರಿ ಆಸ್ಪತ್ರೆ: ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ದಂತ ವೈದ್ಯರು ಇರುತ್ತಾರೆ. ಪರೀಕ್ಷೆ, ಹಲ್ಲು ಕೀಳುವುದು, ತುಂಬುವುದು, ಶುಚಿ ಮಾಡುವುದು ಉಚಿತವಾಗಿ ಇಲ್ಲವೇ ಅತಿ ಕಡಿಮೆ ಶುಲ್ಕದಲ್ಲಿ ಆಗುತ್ತವೆ. ರೂಟ್ ಕೆನಾಲ್ ಎಲ್ಲ ಕಡೆ ಇರುವುದಿಲ್ಲ, ಕ್ಯಾಪ್ ಸಿಗುವುದು ಇನ್ನೂ ಅಪರೂಪ. ಬಿಪಿಎಲ್ ಪಡಿತರ ಚೀಟಿ ಮತ್ತು ಆಧಾರ್ ಕಾರ್ಡ್ ಜೊತೆಗಿರಲಿ.

2. ದಂತ ಕಾಲೇಜು: ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜುಗಳಿವೆ. ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿ, ಮೈಸೂರು ಮೊದಲಾದ ಊರುಗಳಲ್ಲಿ ಖಾಸಗಿ ದಂತ ಕಾಲೇಜುಗಳಿವೆ. ಇಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ. ಪ್ರತಿ ಹಂತವನ್ನೂ ಹಿರಿಯರು ಪರೀಕ್ಷಿಸುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ, ಭೇಟಿಗಳೂ ಹೆಚ್ಚು. ಶುಲ್ಕ ಮಾತ್ರ ಖಾಸಗಿ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಬಹಳ ಕಡಿಮೆ.

3. ಖಾಸಗಿ ಕ್ಲಿನಿಕ್: ಸಂಜೆಯೂ ತೆರೆದಿರುತ್ತದೆ, ಕಾಯುವುದು ಕಡಿಮೆ, ಎಲ್ಲ ಬಗೆಯ ಚಿಕಿತ್ಸೆ ಸಿಗುತ್ತದೆ. ಖರ್ಚು ಹೆಚ್ಚು, ಕ್ಲಿನಿಕ್ಕಿನಿಂದ ಕ್ಲಿನಿಕ್ಕಿಗೆ ವ್ಯತ್ಯಾಸವೂ ಹೆಚ್ಚು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಬೇಕು, ಶುಲ್ಕದ ಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಿರಬೇಕು. ಅದನ್ನು ಕೇಳಲು ಸಂಕೋಚ ಬೇಡ.

ಇಎಸ್ಐ ಸೌಲಭ್ಯವಿರುವ ಕಾರ್ಮಿಕರು ಮತ್ತು ಅವರ ಕುಟುಂಬದವರು ಮೊದಲು ಇಎಸ್ಐ ಆಸ್ಪತ್ರೆಯಲ್ಲಿ ವಿಚಾರಿಸಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಇರುವಂಥದು. ದವಡೆ ಮೂಳೆ ಮುರಿತದಂತಹ ಶಸ್ತ್ರಚಿಕಿತ್ಸೆಗೆ ಅದು ಉಪಯೋಗಕ್ಕೆ ಬರುತ್ತದೆ. ಕ್ಯಾಪ್ ಹಾಕಿಸಲು ಆ ಕಾರ್ಡನ್ನು ನಂಬಿ ಹೋಗಬೇಡಿ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡಲು ರಾಜ್ಯ ಸರ್ಕಾರ 2014-15ರ ಸಾಲಿನಲ್ಲಿ ದಂತಭಾಗ್ಯ ಯೋಜನೆ ತಂದಿತು. ಸೆಟ್ ಬೇಕಾದ ಹಿರಿಯರು ಹೊರಗೆ ಹಣ ಕಟ್ಟುವ ಮೊದಲು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ ನೋಡಿ.

ಬಿಲ್ಲಿನಲ್ಲಿ ಕಾಣದ ಖರ್ಚು

ವೈದ್ಯರ ಶುಲ್ಕವಷ್ಟೇ ಖರ್ಚಲ್ಲ. ಬಸ್ ಚಾರ್ಜು, ತಪ್ಪಿದ ಕೂಲಿ, ಜೊತೆಗೆ ಬಂದವರ ಕೂಲಿ ಎಲ್ಲವೂ ಸೇರಬೇಕು. ಕೆಳಗಿನ ಮೊತ್ತಗಳು ಯಾವುದೇ ಆಸ್ಪತ್ರೆಯ ದರವಲ್ಲ, ಲೆಕ್ಕ ಹಾಕುವ ರೀತಿ ತೋರಿಸಲು ಕೊಟ್ಟ ಉದಾಹರಣೆ ಮಾತ್ರ. ದಿನಕ್ಕೆ 500 ರೂ. ಕೂಲಿ ಇರುವ ಒಬ್ಬರಿಗೆ ದವಡೆ ಹಲ್ಲಿನ ರೂಟ್ ಕೆನಾಲ್ ಮತ್ತು ಕ್ಯಾಪ್ ಬೇಕಾಗಿದೆ ಎಂದುಕೊಳ್ಳಿ.

ಊರಿನ ಖಾಸಗಿ ಕ್ಲಿನಿಕ್: ಎಲ್ಲ ಸೇರಿ 7,000 ರೂ. ಕೆಲಸ ಮುಗಿಸಿ ಸಂಜೆ ಹೋಗುವುದರಿಂದ ಕೂಲಿ ತಪ್ಪುವುದಿಲ್ಲ. ಒಟ್ಟು 7,000 ರೂ.

ದೂರದ ದಂತ ಕಾಲೇಜು: ಶುಲ್ಕ 2,500 ರೂ. 5 ಭೇಟಿಗೆ ಬಸ್ ಚಾರ್ಜು 600 ರೂ., ತಪ್ಪಿದ ಕೂಲಿ 2,500 ರೂ. ಒಟ್ಟು 5,600 ರೂ.

ಕಾಲೇಜಿಗೆ ಪ್ರತಿ ಸಲವೂ ಇನ್ನೊಬ್ಬರು ಕೂಲಿ ಬಿಟ್ಟು ಜೊತೆಗೆ ಹೋದರೆ ಮತ್ತೆ 3,100 ರೂ. ಸೇರಿ 8,700 ರೂ. ಆಗುತ್ತದೆ. ಅಗ್ಗವೆಂದು ಹೋದದ್ದೇ ದುಬಾರಿಯಾಯಿತು! ಆದ್ದರಿಂದ ವಯಸ್ಸಾದವರು, ಮಕ್ಕಳು, ಅಶಕ್ತರನ್ನು ಬಿಟ್ಟರೆ ಉಳಿದವರು ಒಬ್ಬರೇ ಹೋಗಿಬರಬಹುದು. ಭೇಟಿಗಳನ್ನು ಕಡಿಮೆ ಮಾಡಲು, ವಾರದ ರಜೆಯ ದಿನಕ್ಕೆ ಹೊಂದಿಸಲು ಸಾಧ್ಯವೇ ಎಂದು ಕೇಳಿ. ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಅವರ ಲೆಕ್ಕದಲ್ಲಿ ಬಸ್ ಚಾರ್ಜು ಕಳೆಯಬಹುದು.

ಇನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿದರೆ ಆ ದಿನದ ಖರ್ಚು ಅತಿ ಕಡಿಮೆ. ತೊಂದರೆ ಕೊಡುವ ಬುದ್ಧಿ ಹಲ್ಲಿಗೆ, ಪೂರ್ತಿ ಅಲುಗಾಡುವ ಹಲ್ಲಿಗೆ ಅದೇ ಸರಿಯಾದ ದಾರಿ ಇರಬಹುದು. ಆದರೆ ಅಗಿಯಲು ಬೇಕಾದ ಗಟ್ಟಿ ಹಲ್ಲನ್ನು ಕಿತ್ತರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಎದುರಿನ ಹಲ್ಲು ಇಳಿಯುತ್ತದೆ ಅಥವಾ ಏಳುತ್ತದೆ. ಹಲ್ಲು ಕಟ್ಟಿಸುವ ಖರ್ಚು ಮುಂದೆ ಬಂದೇ ಬರುತ್ತದೆ. "ಈ ಹಲ್ಲು ಉಳಿಯುವಂಥದೇ?" ಎಂದು ವೈದ್ಯರನ್ನು ಕೇಳಿದ ಮೇಲೆ ತೀರ್ಮಾನಿಸಿ.

ಒಪ್ಪಿಗೆ ಕೊಡುವ ಮೊದಲು ಕೇಳಬೇಕಾದವು

• ಒಟ್ಟು ಎಷ್ಟು? ಎಕ್ಸ್‌ರೇ, ಔಷಧಿ, ಕ್ಯಾಪ್ ಇದರಲ್ಲಿ ಸೇರಿವೆಯೇ? ಚೀಟಿಯಲ್ಲಿ ಬರೆದು ಕೊಡುವಿರಾ?
• ಎಷ್ಟು ಸಲ ಬರಬೇಕು? ಹಣವನ್ನು ಕಂತಿನಲ್ಲಿ ಕಟ್ಟಬಹುದೇ?
• ಕ್ಯಾಪ್ ಯಾವುದರದು? ಲೋಹದ್ದು ಅಗ್ಗ, ಲೋಹದ ಮೇಲೆ ಪಿಂಗಾಣಿ ಇರುವುದು ಅದಕ್ಕಿಂತ ಹೆಚ್ಚು, ಜಿರ್ಕೋನಿಯಾ ಇನ್ನೂ ಹೆಚ್ಚು. ನಗುವಾಗ ಕಾಣದ ಹಿಂದಿನ ಹಲ್ಲಿಗೆ ಲೋಹದ ಕ್ಯಾಪ್ ಗಟ್ಟಿಯಾಗಿಯೇ ಬಾಳುತ್ತದೆ.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ದಿನವೂ ನುಂಗುವ ಮಾತ್ರೆಗಳನ್ನು ಒಯ್ದು ತೋರಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಎರಡು ಎಚ್ಚರಿಕೆಗಳು

ನೋವು ನಿಂತಿತೆಂದು ರೂಟ್ ಕೆನಾಲ್ ಅರ್ಧಕ್ಕೆ ಬಿಡಬೇಡಿ. ಕಟ್ಟಿದ ಹಣವೂ ಹೋಗುತ್ತದೆ, ಹಲ್ಲೂ ಹೋಗುತ್ತದೆ. ಹಾಗೆಯೇ ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಕಡಿಮೆ ದುಡ್ಡಿಗೆ ಹಲ್ಲು ಕಟ್ಟುವವರ ಬಳಿ ಹೋಗಬೇಡಿ. ಶುದ್ಧಗೊಳಿಸದ ಉಪಕರಣಗಳಿಂದ ಹೆಪಟೈಟಿಸ್ ಬಿ ಯಂತಹ ರೋಗ ಅಂಟಬಹುದು. ಪಕ್ಕದ ಹಲ್ಲುಗಳಿಗೆ ಅಂಟಿಸಿದ ಹಲ್ಲಿನ ಕೆಳಗೆ ಒಸಡು ಕೊಳೆಯುತ್ತದೆ. ದಂತ ವೈದ್ಯರು ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು ಎಂಬುದು ನೆನಪಿರಲಿ.

ಖರ್ಚು ನೋಡದೆ ಓಡಬೇಕಾದ ಸಮಯ

ಹಲ್ಲು ನೋವಿನ ಜೊತೆ ದವಡೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಬಾವು, ಜ್ವರ, ಬಾಯಿ ತೆರೆಯಲು ಆಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ, ಇವುಗಳಲ್ಲಿ ಯಾವುದಿದ್ದರೂ ಸರ್ಕಾರಿಯೋ ಖಾಸಗಿಯೋ ಎಂದು ಯೋಚಿಸುತ್ತ ಕೂರಬೇಡಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದರೆ ಉಸಿರು ಕಟ್ಟಿ ಪ್ರಾಣಕ್ಕೇ ಅಪಾಯ. ರಾತ್ರಿಯಾದರೂ ಸರಿ, 108ಕ್ಕೆ ಕರೆ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಿ.