ಸಭಾಪಾಲಕನೂ ಲೌಕಿಕ ವಿದ್ಯೆಯೂ

ಕ್ರೈಸ್ತಸಭೆಯ ಪಾಲಕನಿಗೆ ದೈವಾನುಗ್ರಹವೊಂದೇ ಸಾಕೇ, ಲೌಕಿಕ ವಿದ್ಯೆಯೂ ಬೇಕೇ ಎಂಬ ವಿವಾದವು ಬಹು ಪುರಾತನವಾದುದು. ಗಲಿಲಾಯದ ಬೆಸ್ತರು ಯಾವ ಪಾಠಶಾಲೆಯಲ್ಲಿ ಓದಿದ್ದರೆಂದು ಒಂದು ಪಕ್ಷದವರು ಕೇಳುವರು. ಆದರೆ ಪೌಲನ ಹೆಸರಿನಲ್ಲಿರುವ ತಿಮೊಥೆಯನ ಮೊದಲನೆಯ ಪತ್ರಿಕೆಯು ಸಭಾಧ್ಯಕ್ಷನ ಲಕ್ಷಣಗಳನ್ನೆಣಿಸುವಾಗ ಶೀಲದೊಡನೆ ಬೋಧನಸಾಮರ್ಥ್ಯವನ್ನೂ ಹೇಳಿದೆ. ಬೋಧನೆಯೆಂದ ಮೇಲೆ ಭಾಷೆ ಬಂದಿತು; ಭಾಷೆಯ ಹಿಂದೆಯೇ ವ್ಯಾಕರಣ ಛಂದಸ್ಸುಗಳು ಬಂದುವು. ಮುಂಡಕೋಪನಿಷತ್ತು ಇವನ್ನು ಅಪರಾ ವಿದ್ಯೆಯೆಂದು ಕರೆದರೂ, ಪರಾ ಅಪರಾಗಳೆರಡನ್ನೂ ಅರಿಯತಕ್ಕವೆಂದೇ ವಿಧಿಸಿರುವುದು ಇಲ್ಲಿ ಸ್ಮರಣೀಯವಾಗಿದೆ.

ಇದಕ್ಕೆ ಕನ್ನಡದಲ್ಲಿಯೇ ನಿದರ್ಶನವುಂಟು. ಬಾಸೆಲ್ ಮಿಶನ್ನಿನವರು ಹೃದಯಪರಿವರ್ತನೆಗೇ ಪ್ರಾಧಾನ್ಯವಿತ್ತವರು; ಆದರೂ ತಮ್ಮ ವಿದ್ಯಾಲಯದಲ್ಲಿ ಗ್ರೀಕ್, ಹೀಬ್ರೂಗಳನ್ನು ಕಲಿಸುತ್ತಿದ್ದರು. ಅಲ್ಲಿ ಓದಿ 1853ರಲ್ಲಿ ಈ ದೇಶಕ್ಕೆ ಬಂದ ಕಿಟ್ಟೆಲರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿನಲ್ಲಿ ಹೇಳಬಯಸಿ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿದರು. ಅನಂತರ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ 1875ರಲ್ಲಿ ಅಚ್ಚು ಮಾಡಿಸಿದರು. 1894ರಲ್ಲಿ ಹೊರಬಂದ ನಿಘಂಟಂತೂ ಈ ನಾಡಿನ ವಿದ್ವಾಂಸರೆಲ್ಲರ ಕೈಪಿಡಿಯಾಯಿತು. ಉಪದೇಶಕ್ಕೆಂದು ಹಿಡಿದ ವಿದ್ಯೆಯು ಉಪದೇಶವನ್ನೂ ಮೀರಿ ಬೆಳೆಯಿತು.

ಹೀಗೆ ಮೀರುವುದೇ ಅಪಾಯವೆಂದು ಪ್ರತಿಪಕ್ಷದವರು ಹೇಳಬಹುದು. ಆ ಶಂಕೆ ನಿರಾಧಾರವಲ್ಲ. ಪಾಂಡಿತ್ಯವಿದ್ದ ಮಾತ್ರಕ್ಕೆ ಮರಣಶಯ್ಯೆಯ ಬಳಿ ಆಡತಕ್ಕ ಮಾತು ಹೊಳೆಯುವುದಿಲ್ಲ. ಸಂಸ್ಕೃತ ಪಾಠಶಾಲೆಗಳ ಪಂಡಿತರಿಗೂ ಇದು ಅಪರಿಚಿತವಾದ ಸಂಗತಿಯಲ್ಲ. ಆದರೆ ಹೊಳೆದ ಮಾತನ್ನು ಕೇಳುವವನ ನುಡಿಯಲ್ಲಿಯೇ ಆಡಬೇಕಷ್ಟೆ. ಆದುದರಿಂದ ಗ್ರೀಕನ್ನು ಬಲ್ಲ ಪಾಲಕನು ಕನ್ನಡ ಕಾವ್ಯವೊಂದನ್ನೂ ಓದದೆ ಕನ್ನಡಿಗರ ಸಭೆಯ ಮುಂದೆ ನಿಂತರೆ, ಅವನ ಲೌಕಿಕ ಶಿಕ್ಷಣವು ಅರ್ಧದಲ್ಲಿಯೇ ನಿಂತಿತೆನ್ನಬೇಕು.