‘ಎಲ್ಲವೂ ಸೊನ್ನೆಯಲ್ಲ’: ರೇಖೀಯ ಬೀಜಗಣಿತದ ಮೊದಲ ಕೋರ್ಸು ಮತ್ತು ಗಡಿನಾಡಿನ ವಿದ್ಯಾರ್ಥಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ವಿದ್ಯಾರ್ಥಿಯು ವಿಜ್ಞಾನ ವಿಭಾಗವನ್ನು ಆರಿಸಿಕೊಂಡರೆ, ಹೈಯರ್ ಸೆಕೆಂಡರಿಯಲ್ಲಿ ಗಣಿತದ ಪಾಠವು ಪ್ರಧಾನವಾಗಿ ಇಂಗ್ಲಿಷಿಗೆ ತಿರುಗುತ್ತದೆ. ಪದವಿ ತರಗತಿಗೆ ಬಂದಾಗ ಪಠ್ಯ, ಪ್ರಶ್ನೆಪತ್ರಿಕೆ, ಉತ್ತರ ಎಲ್ಲವೂ ಇಂಗ್ಲಿಷಿನಲ್ಲಿರುತ್ತವೆ. ಅಧ್ಯಾಪಕರ ಬಿಡುಮಾತಿನ ವಿವರಣೆಯು ಬಹುಮಟ್ಟಿಗೆ ಮಲಯಾಳದಲ್ಲಿರುತ್ತದೆ. ಆ ವಿದ್ಯಾರ್ಥಿಯು ಲೀನಿಯರ್ ಆಲ್ಜಿಬ್ರಾ, ಅಂದರೆ ರೇಖೀಯ ಬೀಜಗಣಿತದ ಮೊದಲ ಕೋರ್ಸಿನಲ್ಲಿ ಎಡವಿದರೆ, ‘ಕನ್ನಡ ಮಾಧ್ಯಮದವನು, ಇಂಗ್ಲಿಷ್ ಸಾಲದು’ ಎಂಬ ತೀರ್ಪು ಸುಲಭವಾಗಿ ಹೊರಬೀಳುತ್ತದೆ. ಈ ತೀರ್ಪು ಎಷ್ಟು ಸರಿ? ಎಡವುವ ಸ್ಥಳವನ್ನು ಹತ್ತಿರದಿಂದ ನೋಡಿದರೆ ಬೇರೆಯೇ ಸಂಗತಿ ಗೋಚರಿಸುತ್ತದೆ.

ಈ ಕೋರ್ಸಿಗೆ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ಸಮೀಕರಣಗಳ ಗುಂಪನ್ನು ಬಿಡಿಸುವುದು, ಮಾತೃಕೆಗಳ ಗುಣಾಕಾರ, ಸಾಲುಗಳನ್ನು ಸಂಕ್ಷೇಪಿಸುವ ಕ್ರಮ ಮುಂತಾದವು ಬರುತ್ತವೆ. ಇವು ಕೈಗೆ ಅಭ್ಯಾಸವಾಗುವ ಕೆಲಸಗಳು. ಇಲ್ಲಿ ಕನ್ನಡ ಮಾಧ್ಯಮದವರು ಹಿಂದೆ ಬೀಳಲು ಕಾರಣವಿಲ್ಲ. ಎರಡನೆಯ ಭಾಗದಲ್ಲಿ ಸದಿಶಾಕಾಶ, ರೇಖೀಯ ಸ್ವಾತಂತ್ರ್ಯ, ಆಧಾರ, ಆಯಾಮ ಎಂಬ ಪರಿಕಲ್ಪನೆಗಳು ವ್ಯಾಖ್ಯೆಗಳ ರೂಪದಲ್ಲಿ ಎದುರಾಗುತ್ತವೆ. ಇಲ್ಲಿ ಲೆಕ್ಕ ಮಾಡುವುದಕ್ಕಿಂತ ಒಂದು ವಾಕ್ಯ ಏನು ಹೇಳುತ್ತದೆ ಎಂಬುದನ್ನು ಗ್ರಹಿಸುವುದೇ ಮುಖ್ಯವಾಗುತ್ತದೆ.

ಈ ತೊಡಕು ನಮ್ಮ ವಿದ್ಯಾರ್ಥಿಗಳಿಗಷ್ಟೇ ಸೀಮಿತವಲ್ಲ. ಅಮೆರಿಕದ ಗಣಿತಾಧ್ಯಾಪಕ ಡೇವಿಡ್ ಕಾರ್ಲ್‌ಸನ್ ಅವರು 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಉಪಾಕಾಶ ಮತ್ತು ರೇಖೀಯ ಸ್ವಾತಂತ್ರ್ಯದ ಪಾಠ ಬಂದೊಡನೆ ತರಗತಿಯ ಮೇಲೆ ಕವಿಯುವ ಗೊಂದಲವನ್ನು ಮಂಜಿಗೆ ಹೋಲಿಸಿದ್ದರು. ಅವರ ಮುಂದಿದ್ದ ವಿದ್ಯಾರ್ಥಿಗಳು ಇಂಗ್ಲಿಷಿನ ಪರಿಸರದಲ್ಲಿಯೇ ಕಲಿತವರು. ಫ್ರಾನ್ಸಿನಲ್ಲಿ ಜಾನ್-ಲೂಕ್ ಡೋರಿಯೆ ಮತ್ತು ಸಂಗಡಿಗರು ಇದೇ ತೊಡಕನ್ನು ಔಪಚಾರಿಕ ನಿರೂಪಣೆಯೇ ಒಡ್ಡುವ ಅಡಚಣೆಯೆಂದು ಗುರುತಿಸಿದರು. ಗಣಿತಜ್ಞರಿಗೂ ಈ ಹಾದಿ ಸುಗಮವಾಗಿರಲಿಲ್ಲ. ಗ್ರಾಸ್‌ಮನ್ ಅವರು 1844ರಲ್ಲಿ ಮಂಡಿಸಿದ ವಿಚಾರಗಳೂ ಪೆಯಾನೊ ಅವರು 1888ರಲ್ಲಿ ನೀಡಿದ ಸದಿಶಾಕಾಶದ ವ್ಯಾಖ್ಯೆಯೂ ಬಹುಕಾಲ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಆದ್ದರಿಂದ ತೊಡಕಿನ ಮೂಲವು ಇಂಗ್ಲಿಷಿನ ಕೊರತೆಯೊಂದರಲ್ಲಿಯೇ ಇದೆ ಎನ್ನಲಾಗದು. ಅದು ವ್ಯಾಖ್ಯೆಯ ತಾರ್ಕಿಕ ರಚನೆಯಲ್ಲಿದೆ.

ರೇಖೀಯ ಸ್ವಾತಂತ್ರ್ಯದ ವ್ಯಾಖ್ಯೆಯನ್ನೇ ತೆಗೆದುಕೊಳ್ಳೋಣ. ಕೆಲವು ಸದಿಶಗಳಿವೆ. ಪ್ರತಿಯೊಂದನ್ನೂ ಒಂದೊಂದು ಸಂಖ್ಯೆಯಿಂದ ಗುಣಿಸಿ ಕೂಡುತ್ತೇವೆ. ಈ ಮೊತ್ತವು ಶೂನ್ಯ ಸದಿಶವಾಗುವುದು ಆ ಸಂಖ್ಯೆಗಳೆಲ್ಲ ಸೊನ್ನೆಯಾದಾಗ ಮಾತ್ರ ಎಂದಾದರೆ, ಆ ಸದಿಶಗಳ ಗುಂಪು ರೇಖೀಯವಾಗಿ ಸ್ವತಂತ್ರ. ಸಂಖ್ಯೆಗಳಲ್ಲಿ ಒಂದಾದರೂ ಸೊನ್ನೆಯಲ್ಲದಿದ್ದು ಮೊತ್ತ ಶೂನ್ಯವಾಗುವಂತಿದ್ದರೆ, ಆ ಗುಂಪು ಅವಲಂಬಿತ. ಈ ವ್ಯಾಖ್ಯೆಯನ್ನು ಓದುವಲ್ಲಿ ಮೂರು ತಪ್ಪುಗಳು ಮರುಕಳಿಸುತ್ತವೆ.

ಮೊದಲನೆಯದು ‘ಮಾತ್ರ’ ಕಳೆದುಹೋಗುವುದು. (1, 2) ಮತ್ತು (2, 4) ಎಂಬ ಸದಿಶಗಳನ್ನು ಕೊಟ್ಟರೆ ವಿದ್ಯಾರ್ಥಿಯು ಎರಡನ್ನೂ ಸೊನ್ನೆಯಿಂದ ಗುಣಿಸಿ, ಮೊತ್ತ ಶೂನ್ಯವಾಯಿತು, ಆದ್ದರಿಂದ ಇವು ಸ್ವತಂತ್ರ ಎಂದು ಬರೆಯುತ್ತಾನೆ. ಸೊನ್ನೆಗಳಿಂದ ಗುಣಿಸಿದರೆ ಯಾವ ಸದಿಶಗಳಾದರೂ ಶೂನ್ಯವನ್ನೇ ಕೊಡುತ್ತವೆ. ಇದರಿಂದ ಏನೂ ಸಿದ್ಧವಾಗುವುದಿಲ್ಲ. ಕೇಳಬೇಕಾದ ಪ್ರಶ್ನೆ, ಶೂನ್ಯವನ್ನು ಪಡೆಯಲು ಬೇರೆ ದಾರಿಯೂ ಇದೆಯೇ ಎಂಬುದು. ಇಲ್ಲಿ ಇದೆ: ಮೊದಲನೆಯದರ ಎರಡರಷ್ಟರಿಂದ ಎರಡನೆಯದನ್ನು ಕಳೆದರೆ ಶೂನ್ಯ. ಆದ್ದರಿಂದ ಇವು ಅವಲಂಬಿತ.

ಎರಡನೆಯದು ನಿಷೇಧದ ತೊಡಕು. ಅವಲಂಬನೆಯ ವ್ಯಾಖ್ಯೆಯಲ್ಲಿ ಬರುವ ಇಂಗ್ಲಿಷ್ ಮಾತನ್ನು ಪದಶಃ ಕನ್ನಡಕ್ಕೆ ತಂದರೆ ‘ಎಲ್ಲವೂ ಸೊನ್ನೆಯಲ್ಲ’ ಎಂದಾಗುತ್ತದೆ. ‘ಮಕ್ಕಳೆಲ್ಲ ಬಂದಿಲ್ಲ’ ಎಂದಾಗ ಯಾರೂ ಬಂದಿಲ್ಲವೆಂದೂ ಕೆಲವರು ಬಂದಿಲ್ಲವೆಂದೂ ಅರ್ಥವಾಗುವಂತೆ, ಇದಕ್ಕೂ ಎರಡು ಅರ್ಥಗಳಿವೆ. ಯಾವ ಅರ್ಥ ಹಿಡಿದರೂ ನಡೆದೀತು ಎನ್ನುವಂತಿಲ್ಲ. ಕ = (1, 2), ಖ = (2, 4), ಗ = (0, 1) ಎಂಬ ಮೂರು ಸದಿಶಗಳನ್ನು ನೋಡಿ. ಕ ಸದಿಶವನ್ನು 2ರಿಂದ, ಖ ಸದಿಶವನ್ನು −1ರಿಂದ, ಗ ಸದಿಶವನ್ನು 0ಯಿಂದ ಗುಣಿಸಿ ಕೂಡಿದರೆ ಶೂನ್ಯ ಬರುತ್ತದೆ. ಆದರೆ ಗ ಸದಿಶದ ಗುಣಕವು ಸೊನ್ನೆಯಲ್ಲದಿದ್ದರೆ ಮೊತ್ತ ಎಂದಿಗೂ ಶೂನ್ಯವಾಗದು; ಏಕೆಂದರೆ ಕ ಮತ್ತು ಖ ಒಂದೇ ರೇಖೆಯ ಮೇಲಿವೆ, ಗ ಆ ರೇಖೆಯಿಂದ ಹೊರಗಿದೆ. ‘ಒಂದೂ ಸೊನ್ನೆಯಾಗಿರಬಾರದು’ ಎಂದು ಅರ್ಥಮಾಡಿಕೊಂಡವನು ಈ ಗುಂಪನ್ನು ಸ್ವತಂತ್ರವೆನ್ನುತ್ತಾನೆ. ‘ಒಂದಾದರೂ ಸೊನ್ನೆಯಲ್ಲದಿರಬೇಕು’ ಎಂದು ತಿಳಿದವನು ಅವಲಂಬಿತವೆನ್ನುತ್ತಾನೆ. ಸರಿಯುತ್ತರ ಎರಡನೆಯದು.

ಮೂರನೆಯದು ‘ಯಾವುದೇ’ ಎಂಬ ಪದದ ತೊಡಕು. ಅವಲಂಬಿತ ಗುಂಪಿನಲ್ಲಿ ಯಾವುದಾದರೂ ಒಂದು ಸದಿಶವನ್ನು ಉಳಿದವುಗಳಿಂದ ಪಡೆಯಬಹುದು ಎಂಬುದು ನಿಯಮ. ಇದನ್ನು ‘ಯಾವುದೇ ಸದಿಶವನ್ನು’ ಎಂದು ಬರೆದರೆ ಪ್ರತಿಯೊಂದನ್ನೂ ಪಡೆಯಬಹುದೆಂಬ ಭಾವನೆ ಬರುತ್ತದೆ. ಮೇಲಿನ ಉದಾಹರಣೆಯಲ್ಲಿ ಖ ಎಂಬುದು ಕ ಸದಿಶದ ಇಮ್ಮಡಿ. ಆದರೆ ಗ ಸದಿಶವನ್ನು ಕ ಮತ್ತು ಖಗಳಿಂದ ಪಡೆಯಲಾಗದು. ಅವಲಂಬನೆ ಎಂಬ ಮಾತಿನ ಲೋಕರೂಢಿಯ ಅರ್ಥವೂ ಇಲ್ಲಿ ದಾರಿ ತಪ್ಪಿಸುತ್ತದೆ. ಇಲ್ಲಿ ಅದು ಇಡೀ ಗುಂಪಿನ ಗುಣವೇ ಹೊರತು ಅದರೊಳಗಿನ ಪ್ರತಿ ಸದಿಶದ ಗುಣವಲ್ಲ. ಇಂಗ್ಲಿಷಿನ ‘ಎನಿ’ ಎಂಬ ಪದವೂ ಇದೇ ಬಗೆಯಲ್ಲಿ ಎರಡು ಕಡೆ ವಾಲುತ್ತದೆಂಬುದನ್ನು ಗಮನಿಸಬೇಕು.

ಮೂರು ತಪ್ಪುಗಳೂ ಪಾರಿಭಾಷಿಕ ಪದಗಳಿಂದ ಹುಟ್ಟಿದವಲ್ಲ. ವೆಕ್ಟರ್ ಎನ್ನಲಿ, ಸದಿಶ ಎನ್ನಲಿ, ವಿದ್ಯಾರ್ಥಿಗೆ ಅದು ಹೊಸ ಪದವೇ. ಎರಡು ದಿನದಲ್ಲಿ ರೂಢಿಯಾಗುತ್ತದೆ. ತಪ್ಪು ಹುಟ್ಟುವುದು ‘ಆದರೆ’, ‘ಮಾತ್ರ’, ‘ಎಲ್ಲ’, ‘ಒಂದಾದರೂ’ ಎಂಬ ಸಣ್ಣ ಮಾತುಗಳಲ್ಲಿ. ಕನ್ನಡದಲ್ಲಿ ವಿಜ್ಞಾನ ಬೋಧನೆಯ ಚರ್ಚೆ ಬಹುಪಾಲು ಪದಕೋಶಗಳ ಸುತ್ತಲೇ ನಡೆದಿರುವುದರಿಂದ ಈ ಸಣ್ಣ ಮಾತುಗಳು ಗಮನಕ್ಕೆ ಬಾರದೆ ಉಳಿದಿವೆ.

ಇವೇ ಸಣ್ಣ ಮಾತುಗಳಲ್ಲಿ ಕನ್ನಡದ ಬಲವೂ ಇದೆ. ‘ಯಾವುದಾದರೂ’ ಎಂದರೆ ಒಂದು ಇದ್ದರೆ ಸಾಕು. ‘ಯಾವುದೂ’ ಎಂಬುದು ನಿಷೇಧದೊಂದಿಗೆ ಸೇರಿ ಒಂದೂ ಇಲ್ಲವೆನ್ನುತ್ತದೆ. ‘ಪ್ರತಿಯೊಂದೂ’ ಯಾವುದನ್ನೂ ಹೊರಗಿಡುವುದಿಲ್ಲ. ‘ಮಾತ್ರ’ ಎಂಬುದು ತಾನು ಮಿತಿಗೊಳಿಸುವ ಮಾತಿನ ಬೆನ್ನಿಗೇ ನಿಲ್ಲುತ್ತದೆ. ಇಂಥ ಪ್ರಯೋಗಗಳು ನೆರೆಯ ಭಾಷೆಗಳಲ್ಲಿಯೂ ಇವೆ: ಮಲಯಾಳದ ‘ಏತೆಂಗಿಲುಂ’, ತೆಲುಗಿನ ‘ಏದೈನಾ’, ತಮಿಳಿನ ‘ಏದಾವದು’ ಇವು ನಮ್ಮ ‘ಯಾವುದಾದರೂ’ ಎಂಬುದಕ್ಕೆ ಸಮೀಪದವು. ಆದ್ದರಿಂದ ಕಾಸರಗೋಡಿನ ಮಲಯಾಳಿ ಅಧ್ಯಾಪಕರಿಗಾಗಲಿ, ಮಡಕಶಿರದ ತೆಲುಗು ಅಧ್ಯಾಪಕರಿಗಾಗಲಿ, ಹೊಸೂರಿನ ತಮಿಳು ಅಧ್ಯಾಪಕರಿಗಾಗಲಿ ಕನ್ನಡ ವಿದ್ಯಾರ್ಥಿಯ ಈ ತೊಡಕು ಅಪರಿಚಿತವೆನಿಸಬೇಕಾಗಿಲ್ಲ.

ಹಾಗಾದರೆ ತರಗತಿಯಲ್ಲಿ ಮಾಡಬಹುದಾದುದೇನು? ಪರೀಕ್ಷೆ ಇಂಗ್ಲಿಷಿನಲ್ಲಿರುವವರೆಗೆ ಪಾರಿಭಾಷಿಕ ಪದಗಳು ಇಂಗ್ಲಿಷಿನಲ್ಲಿಯೇ ಇರಲಿ. ಆದರೆ ಪ್ರತಿ ಮುಖ್ಯ ವ್ಯಾಖ್ಯೆಯನ್ನೂ ವಿದ್ಯಾರ್ಥಿಯು ಒಮ್ಮೆ ತನ್ನ ಭಾಷೆಯಲ್ಲಿ ಬರೆಯಲಿ. ಬಳಿಕ ಅದರ ನಿಷೇಧವನ್ನೂ ಬರೆಯಲಿ. ಆಮೇಲೆ ಎರಡನ್ನೂ ಇಂಗ್ಲಿಷಿಗೆ ತಿರುಗಿಸಲಿ. ‘ಎಲ್ಲವೂ ಸೊನ್ನೆಯಲ್ಲ’ ಎಂದು ಬರೆದಲ್ಲಿ ಅಧ್ಯಾಪಕರು ‘ಒಂದೂ ಸೊನ್ನೆಯಲ್ಲವೋ, ಒಂದಾದರೂ ಸೊನ್ನೆಯಲ್ಲವೋ?’ ಎಂದು ಕೇಳಲಿ. ಅನಂತರ ಎರಡು ಅರ್ಥಗಳು ಬೇರೆ ಬೇರೆ ಉತ್ತರ ಕೊಡುವಂಥ, ಮೇಲಿನ ಮೂರು ಸದಿಶಗಳಂಥ, ಉದಾಹರಣೆಯೊಂದನ್ನು ಮುಂದಿಡಲಿ. ಇದಕ್ಕೆ ಹೊಸ ಪಠ್ಯಪುಸ್ತಕವಾಗಲಿ ಸರಕಾರಿ ಆದೇಶವಾಗಲಿ ಬೇಕಿಲ್ಲ. ಕನ್ನಡ ಬಾರದ ಅಧ್ಯಾಪಕರೂ ಇಂಗ್ಲಿಷಿಗೆ ತಿರುಗಿಸಿದ ವಾಕ್ಯವನ್ನು ನೋಡಿ ತಪ್ಪನ್ನು ಗುರುತಿಸಬಲ್ಲರು.

ಗಡಿನಾಡಿನ ವಿದ್ಯಾರ್ಥಿಯು ಎರಡು ಮೂರು ಭಾಷೆಗಳ ನಡುವೆ ನಿತ್ಯ ಓಡಾಡುವವನು. ಒಂದೇ ಮಾತನ್ನು ಎರಡು ಭಾಷೆಗಳಲ್ಲಿ ಹೇಳಿ, ಅರ್ಥ ಎಲ್ಲಿ ಜಾರಿತೆಂದು ನೋಡುವುದು ಅವನಿಗೆ ಹೊಸ ಅಭ್ಯಾಸವಲ್ಲ. ರೇಖೀಯ ಬೀಜಗಣಿತದ ಎರಡನೆಯ ಭಾಗವು ಬೇಡುವುದೂ ಇದೇ ಎಚ್ಚರವನ್ನು. ಅದನ್ನು ತರಗತಿಯ ಹೊರಗೆ ಬಿಟ್ಟು ಬರುವಂತೆ ಮಾಡಿ, ಆಮೇಲೆ ಅವನ ಸೋಲಿಗೆ ಅವನ ಭಾಷೆಯನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ.