ನಲವತ್ತು ದಿನಗಳ ಲೆಕ್ಕ

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ಬೀದರಿನಲ್ಲಿ ಬಿಸಿಲಿನೊಡನೆ ವ್ರತಗಳ ಕಾಲವೂ ಬರುತ್ತದೆ. 2025ರಲ್ಲಿ ಇವು ಒಂದರ ಬೆನ್ನಿಗೊಂದು ಬಂದುವು: ಫೆಬ್ರವರಿ 26ರಂದು ಮಹಾಶಿವರಾತ್ರಿ, ಮಾರ್ಚ್ 2ರಂದು ರಂಜಾನಿನ ಮೊದಲ ರೋಜಾ, ಮಾರ್ಚ್ 5ರಂದು ಕ್ರೈಸ್ತರ ವಿಭೂತಿ ಬುಧವಾರ. ಪಾಪನಾಶದ ಶಿವಾಲಯದಲ್ಲಿ ಜಾಗರಣೆ ಮಾಡಿ ಬಂದವರ ಕಣ್ಣಿನ ಕೆಂಪು ಆರುವ ಮೊದಲೇ ನೆರೆಮನೆಗಳಲ್ಲಿ ಬೇರೆ ಉಪವಾಸಗಳು ಮೊದಲಾಗಿದ್ದುವು.

ಆ ಬುಧವಾರದಿಂದ ಈಸ್ಟರಿನ ಮುನ್ನಾದಿನದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಪ್ರತಿ ಭಾನುವಾರವೂ ಕ್ರಿಸ್ತನ ಪುನರುತ್ಥಾನವನ್ನು ಸ್ಮರಿಸುವ ದಿನವಾದುದರಿಂದ, ಆರು ಭಾನುವಾರಗಳನ್ನು ಬಿಟ್ಟು ಉಳಿದ 40 ದಿನಗಳೇ ತಪಸ್ಸಿನ ಕಾಲ. ಯೇಸು ಅಡವಿಯಲ್ಲಿ ಉಪವಾಸವಿದ್ದ ದಿನಗಳೂ ಅಷ್ಟೇ. ಕಥೋಲಿಕರು ಹಿಂದಿನ ವರ್ಷ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು, ಆ ಬೂದಿಯನ್ನು ಹಣೆಗೆ ಧರಿಸುತ್ತಾರೆ. ಕಳೆದ ವರ್ಷದ ಜಯಘೋಷವೇ ಈ ವರ್ಷದ ಬೂದಿ! ಬೀದರಿನಲ್ಲಿ ಬಹುಕಾಲದಿಂದ ನೆಲೆಯೂರಿರುವ ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿಯೂ 18ನೆಯ ಶತಮಾನದಲ್ಲಿ ಉಪವಾಸದ ಶಿಸ್ತನ್ನು ತಾನು ಪಾಲಿಸಿ, ಅನುಯಾಯಿಗಳಿಗೂ ಬೋಧಿಸಿದವನು. ಆದರೆ ಹಸಿದವನೊಡನೆ ಅನ್ನ ಹಂಚಿಕೊಳ್ಳದ ಉಪವಾಸ ವ್ಯರ್ಥವೆಂಬುದು ಅವನಿಗಿಂತ ಬಹು ಪೂರ್ವದ ಪ್ರವಾದಿ ಯೆಶಾಯನ ನಿಲುವು.

ಮೈಲೂರಿನಲ್ಲಿ ನಮ್ಮ ನೆರೆಮನೆಯ ಕ್ರೈಸ್ತ ಅಜ್ಜಿಯೊಬ್ಬರು ಪ್ರತಿವರ್ಷ ಈ ಕಾಲದಲ್ಲಿ ಚಹಾ ಬಿಡುತ್ತಾರೆ. ಉಳಿದ ಹಾಲು ಸಕ್ಕರೆಯ ಹಣವನ್ನು ಡಬ್ಬಿಯೊಂದರಲ್ಲಿ ಕೂಡಿಟ್ಟು, ಈಸ್ಟರ್ ಕಳೆದೊಡನೆ ಬಡ ಹುಡುಗನೊಬ್ಬನ ಪುಸ್ತಕಗಳಿಗೆ ಕೊಡುತ್ತಾರೆ. ಅವರನ್ನು ನೋಡಿ ಆ ವರ್ಷ ನಾನೂ ಚಹಾ ಬಿಟ್ಟೆ. ಬಿಟ್ಟುದನ್ನು ತುಸು ಹೆಮ್ಮೆಯಿಂದಲೇ ಅವರಿಗೆ ತಿಳಿಸಿದೆ.

“ಛಲೋ ಮಾಡಿದ್ರಿ ಸರ್. ಚಹಾ ಬಿಡೋದು ಹಗುರ ಅದರಿ. ಅಣ್ಣನ ಮ್ಯಾಲಿನ ಸಿಟ್ಟು ಯಾವಾಗ ಬಿಡ್ತೀರಿ?” ಎಂದರು ಅಜ್ಜಿ.

ನಾನು ನಿರುತ್ತರನಾದೆ. ಭಾಲ್ಕಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಹೊಲದ ಬದುವಿಗಾಗಿ ಅಣ್ಣನೊಡನೆ ಜಗಳವಾಗಿ ಎರಡು ವರ್ಷ ಕಳೆದಿತ್ತು. ಅಂದಿನಿಂದ ನಮ್ಮಿಬ್ಬರಿಗೂ ಮಾತಿರಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ಕ್ಷಮೆಯ ಕಾವ್ಯಗಳನ್ನು ಬಣ್ಣಿಸುವ ನಾನು ಒಂದು ಮೊಳ ಮಣ್ಣನ್ನು ಎದೆಯಲ್ಲಿ ಹೊತ್ತು ತಿರುಗುತ್ತಿದ್ದೆ. ನನ್ನ ವ್ರತದಲ್ಲಿ ನಾಲಗೆ ಮಾತ್ರ ಪಾಲುಗೊಂಡಿತ್ತು. ಮನಸ್ಸು ಹೊರಗೇ ನಿಂತಿತ್ತು.

ಏಪ್ರಿಲ್ 19, ಈಸ್ಟರಿನ ಹಿಂದಿನ ದಿನ, ಭಾಲ್ಕಿಯ ಬಸ್ಸು ಹತ್ತಿದೆ. ಅಂಗಳದಲ್ಲಿ ನನ್ನನ್ನು ಕಂಡ ಅಣ್ಣ ಒಂದು ಗಳಿಗೆ ಸುಮ್ಮನಿದ್ದ. ಬಳಿಕ, “ಕೈಕಾಲು ತೊಳ್ಕೊ” ಎಂದ. ಅತ್ತಿಗೆ ಚಹಾ ತಂದಿಟ್ಟರು. ವ್ರತ ಮುಗಿಯಲು ಇನ್ನೂ ಒಂದು ರಾತ್ರಿ ಉಳಿದಿತ್ತು, ಆದರೂ ಕುಡಿದೆ.

ಲೆಂಟ್ ಎಂಬ ಆಂಗ್ಲ ಹೆಸರಿನ ಮೂಲಾರ್ಥ ವಸಂತ. ಚಿಗುರು ಮೂಡುವುದು ಮರದ ತುದಿಯಲ್ಲಾದರೂ, ಅದಕ್ಕೆ ನೀರು ಏರಬೇಕಾದುದು ಬೇರಿನಿಂದ. ಬದುವಿನ ವ್ಯಾಜ್ಯ ಅಂದೇ ತೀರಲಿಲ್ಲ. ಆದರೆ ನಮ್ಮಿಬ್ಬರ ಮಾತು ಮತ್ತೆ ಚಿಗುರಿತು.

ಮರಳಿ ಬಂದು, ವ್ರತ ಕೆಟ್ಟಿತೆಂದು ಅಜ್ಜಿಗೆ ಹೇಳಿದೆ. ಅವರು ನಕ್ಕರು.

“ಇಲ್ಲರಿ ಸರ್, ಈಗ ಪೂರಾ ಆಯ್ತು.”